ಮಹಡಿ ಮನೆಗೆ ಹಾಕಿಸಿದ ಬಿಸಿ-ತಂಪು ಎಸಿ: ಎರಡು ಬೇಸಿಗೆ, ಎರಡು ಚಳಿಗಾಲ ಕಳೆದ ಮೇಲೆ

ನಮ್ಮ ಮನೆಯ ಮಹಡಿ ಮೇಲೆ ಒಂದು ಪುಟ್ಟ ಬಾಡಿಗೆ ಮನೆ ಇದೆ. ಒಂದು ಹಾಲ್, ಒಂದು ಮಲಗುವ ಕೋಣೆ, ಅಡುಗೆಮನೆ, ಅಷ್ಟೇ. ಅದರ ಮೇಲೆ ಬರೀ ತಾರಸಿ. ಬೇಸಿಗೆಯಲ್ಲಿ ಕಾದ ಕಾವಲಿ, ಚಳಿಗಾಲದಲ್ಲಿ ತಣ್ಣನೆ ಪೆಟ್ಟಿಗೆ. ನಾನು ಕೆಳಗೇ ಇರುವುದರಿಂದ ಬಾಡಿಗೆದಾರರ ಕಷ್ಟಗಳೆಲ್ಲ ಮೆಟ್ಟಿಲು ಇಳಿದು ನೇರ ನನ್ನ ಬಾಗಿಲಿಗೇ ಬರುತ್ತವೆ.

ಎರಡು ವರ್ಷದ ಹಿಂದೆ ಅಲ್ಲಿದ್ದ ದಂಪತಿ ಮನೆ ಬಿಟ್ಟರು. ಬೀಗದಕೈ ಕೊಡುವಾಗ ಆಕೆ ಹೇಳಿದ್ದು ಒಂದೇ ಮಾತು. "ಮನೆ ಚೆನ್ನಾಗಿದೆ ಮೇಡಂ, ನಿದ್ದೆ ಮಾತ್ರ ಬರಲ್ಲ."

ಅದು ಚುಚ್ಚಿತು. ಆ ಮನೆಯಲ್ಲಿ ಒಂದು ಹಳೆಯ ಕಿಟಕಿ ಎಸಿ ಇತ್ತು, 1.5 ಟನ್‌ನದು. ಚಳಿಗೆ ಎಣ್ಣೆ ತುಂಬಿದ 2000 ವ್ಯಾಟ್‌ನ ಹೀಟರ್ ಇತ್ತು. ಎರಡನ್ನೂ ನಾನೇ ಕೊಡಿಸಿದ್ದೆ. ಎರಡರ ಬಿಲ್ ಕಟ್ಟಿದ್ದು ಅವರು. ಬಾಡಿಗೆ ಮನೆಯ ಗೋಳೇ ಇದು ನೋಡಿ. ಯಂತ್ರ ಆರಿಸುವವರು ಒಬ್ಬರು, ಅದರ ಗಲಾಟೆ ಕೇಳುತ್ತಾ ಮಲಗಿ ತಿಂಗಳ ಕೊನೆಗೆ ದುಡ್ಡು ತೆರುವವರು ಇನ್ನೊಬ್ಬರು. ನಾನು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ತಂದು, ಸೌಕರ್ಯ ಮಾಡಿಕೊಟ್ಟೆ ಅಂತ ಬೀಗುತ್ತಿದ್ದೆ.

ಅದಕ್ಕೇ ಹೊಸಬರು ಬರುವ ಮುಂಚೆ ನಾಲ್ಕು ರಾತ್ರಿ ನಾನೇ ಮೇಲೆ ಹೋಗಿ ಮಲಗಿದೆ. ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್ ಜೊತೆಗೆ. ಮೂವತ್ತು ವರ್ಷ ಲೆಕ್ಕದ ಟೀಚರ್ ಆಗಿದ್ದವಳು. ಅಂಕಿ ಬರೆದಿಡದೆ ನನಗೆ ಯಾವುದೂ ನಿಜ ಅನ್ನಿಸುವುದಿಲ್ಲ.

ಮೊದಲ ರಾತ್ರಿಯೇ ಗುಟ್ಟು ಗೊತ್ತಾಯಿತು. ರಾತ್ರಿ ಹತ್ತು ಗಂಟೆಗೆ ಹೊರಗೆ 28 ಡಿಗ್ರಿ, ಕೋಣೆಯೊಳಗೆ 33. ಸ್ಟೂಲ್ ಹತ್ತಿ ಸೂರು ಮುಟ್ಟಿದರೆ ಬೆಚ್ಚಗೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಅದನ್ನು ಕೋಣೆಗೆ ಉಗುಳುತ್ತಿತ್ತು. ಕಿಟಕಿ ಎಸಿಯ ಸುತ್ತ ಹೊಡೆದಿದ್ದ ಪ್ಲೈವುಡ್ ಸಂದಿಯಲ್ಲಿ ನನ್ನ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ತೆಳ್ಳನೆ ಕಾಗದದ ಪಟ್ಟಿಯೊಂದನ್ನು ಬಾಗಿಲ ಕೆಳಗೆ ಹಿಡಿದೆ, ಪಟಪಟ ಅಂತ ಹಾರಾಡಿತು. ಎಸಿ ಒಂದು ಕಡೆ ತಂಪು ಮಾಡುತ್ತಿದೆ, ಮನೆ ಇನ್ನೊಂದು ಕಡೆ ಸೋರಿಸುತ್ತಿದೆ. ತೂತು ಬಿದ್ದ ಕೊಡಕ್ಕೆ ನೀರು ಸೇದಿದ ಹಾಗೆ.

ಆದ್ದರಿಂದ ಎಸಿ ಕೊಳ್ಳುವ ಮುಂಚೆ ಮೂರು ಕೆಲಸ ಮಾಡಿಸಿದೆ. ತಾರಸಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ. ಬಾಗಿಲು ಕಿಟಕಿಗಳ ಸಂದಿಗೆ ರಬ್ಬರ್ ಪಟ್ಟಿ. ಪಡುವಣ ಕಿಟಕಿಗೆ ಹೊರಗಡೆಯಿಂದ ಮರೆ. ಹೊರಗಡೆಯಿಂದ ಅಂತ ಒತ್ತಿ ಹೇಳುತ್ತೇನೆ. ಒಳಗೆ ಎಷ್ಟೇ ದಪ್ಪ ಪರದೆ ಹಾಕಿ, ಗಾಜು ದಾಟಿದ ಬಿಸಿಲು ಆಗಲೇ ಒಳಗೆ ಬಂದಾಯಿತು. ಮೂರೂ ಮುಗಿದ ಮೇಲೆ ಅಂಥದೇ ಇನ್ನೊಂದು ದಿನ ರಾತ್ರಿ ಹತ್ತಕ್ಕೆ ನೋಡಿದರೆ ಒಳಗೆ 30. ಯಂತ್ರ ಇಲ್ಲದೆ ಮೂರು ಡಿಗ್ರಿ ಇಳಿದಿತ್ತು.

ಆಮೇಲೆ ಏನು ಕೊಳ್ಳುವುದು ಅನ್ನುವ ಪ್ರಶ್ನೆ. ಒಂದೊಂದನ್ನೇ ತಳ್ಳಿಹಾಕುತ್ತಾ ಬಂದೆ. ನೀರಿನ ಕೂಲರ್ ಒಣ ಗಾಳಿಯಲ್ಲಿ ಚೆನ್ನ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ನೀರು ಆವಿಯಾಗುವುದಿಲ್ಲ, ತಂಪೂ ಆಗುವುದಿಲ್ಲ, ಹಾಸಿಗೆ ಮಾತ್ರ ಒದ್ದೆ. ಗಾಲಿ ಇರುವ ಪೋರ್ಟಬಲ್ ಎಸಿ ನೋಡಲು ಅನುಕೂಲ, ಗೋಡೆ ಕೊರೆಯಬೇಕಿಲ್ಲ. ಆದರೆ ಒಂದೇ ಕೊಳವೆಯದಾದರೆ ಅದು ಕೋಣೆಯ ಗಾಳಿಯನ್ನೇ ಹೊರಗೆ ಊದುತ್ತದೆ. ಅಷ್ಟೇ ಬಿಸಿಗಾಳಿ ಯಾವುದಾದರೂ ಸಂದಿಯಿಂದ ಒಳಗೆ ನುಗ್ಗುತ್ತದೆ. ಚಳಿಗೆ ಗ್ಯಾಸ್ ಹೀಟರ್ ಇಡಿ ಅಂತ ಒಬ್ಬರು ಹೇಳಿದರು. ಸರಿಯಾದ ಹೊಗೆ ಕೊಳವೆ ಇಲ್ಲದೆ ಮಲಗುವ ಕೋಣೆಯಲ್ಲಿ ಏನನ್ನೂ ಉರಿಸಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಆ ಮಾತನ್ನು ಅಲ್ಲಿಗೇ ನಿಲ್ಲಿಸಿದೆ.

ಕೊನೆಗೆ ಉಳಿದದ್ದು ಬಿಸಿಯನ್ನೂ ಕೊಡುವ ಇನ್ವರ್ಟರ್ ಸ್ಪ್ಲಿಟ್ ಎಸಿ. ಹೀಟ್ ಪಂಪ್ ಅನ್ನುತ್ತಾರಲ್ಲ, ಅದೇ. ಸ್ಪ್ಲಿಟ್ ಅಂದರೆ ಒಂದು ಪೆಟ್ಟಿಗೆ ಒಳಗೆ, ಒಂದು ಹೊರಗೆ. ಇನ್ವರ್ಟರ್ ಅಂದರೆ ಇಲ್ಲಿ ಬ್ಯಾಟರಿ ಅಲ್ಲ, ಯಂತ್ರ ಬೇಕಾದಷ್ಟೇ ವೇಗದಲ್ಲಿ ಓಡುವಂಥದ್ದು. ಎಲ್ಲ ಎಸಿಯೂ ಬಿಸಿ ಕೊಡುವುದಿಲ್ಲ. ಅದರಲ್ಲಿ ಶಾಖ ಹೊತ್ತು ಪೈಪಿನಲ್ಲಿ ಸುತ್ತುವ ಗ್ಯಾಸ್‌ನ ದಾರಿ ತಿರುಗಿಸುವ ಒಂದು ವಾಲ್ವ್ ಇರಬೇಕು. ಕೊಳ್ಳುವಾಗ ಅದನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು.

ಇದು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಫ್ರಿಜ್ ಒಳಗಿನ ಬಿಸಿಯನ್ನು ಎಳೆದು ಹೊರಗೆ ಹಾಕುತ್ತದಲ್ಲ, ಹಾಗೆಯೇ ಇದು ಹೊರಗಿನ ತಣ್ಣನೆ ಗಾಳಿಯಲ್ಲೂ ಇರುವ ಶಾಖವನ್ನು ಹೀರಿ ಕೋಣೆಗೆ ಹಾಕುತ್ತದೆ. ಎಣ್ಣೆ ಹೀಟರ್ ಒಂದು ಯೂನಿಟ್ ಕರೆಂಟ್ ತಿಂದರೆ ಒಂದು ಯೂನಿಟ್ ಶಾಖ ಕೊಡುತ್ತದೆ. ಕಾಯಿಲ್ ಹೀಟರ್, ಫ್ಯಾನ್ ಹೀಟರ್ ಎಲ್ಲದರ ಹಣೆಬರಹವೂ ಅಷ್ಟೇ. ಡಬ್ಬಿಯ ಮೇಲೆ ಏನು ಬರೆದಿದ್ದರೂ ನಂಬಬೇಡಿ. ಹೀಟ್ ಪಂಪ್ ಹದವಾದ ಚಳಿಯಲ್ಲಿ ಅದೇ ಒಂದು ಯೂನಿಟ್‌ಗೆ ಸುಮಾರು ಮೂರರಷ್ಟು ಶಾಖ ಸಾಗಿಸಬಲ್ಲದು. ಇದನ್ನು ಮೊದಲು ಓದಿದಾಗ ಲೆಕ್ಕದ ಟೀಚರ್‌ಗೆ ಅನುಮಾನವೇ ಬಂದಿತ್ತು. ಒಂದು ಕೊಟ್ಟರೆ ಮೂರು ಹೇಗೆ? ಉಳಿದ ಎರಡು ಹೊರಗಿನ ಗಾಳಿಯದು ಅಂತ ಗೊತ್ತಾದ ಮೇಲೆ ಸಮಾಧಾನ ಆಯಿತು.

ಅಂಗಡಿಯವರು 1.5 ಟನ್ ತಗೊಳ್ಳಿ ಅಂತ ಹಠ ಹಿಡಿದರು. "ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಮೇಡಂ?" ಅಲ್ಲ. ಒಂದು ಟನ್ ಅಂದರೆ ಯಂತ್ರದ ತೂಕ ಅಲ್ಲ. 2000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ಎತ್ತಿಹಾಕುವ ಶಕ್ತಿ. ಶಾಖ ಅಳೆಯುವ ಹಳೆಯ ಮಾನದಲ್ಲಿ ಗಂಟೆಗೆ 12,000 ಬಿಟಿಯು, ನಮ್ಮ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್. ನನ್ನ ಕೋಣೆ 12 ಅಡಿಗೆ 10 ಅಡಿ. ಅದಕ್ಕೆ ದೊಡ್ಡ ಎಸಿ ಹಾಕಿದರೆ ಗಾಳಿ ಬೇಗ ತಣ್ಣಗಾಗಿ ಯಂತ್ರ ನಿಂತುಬಿಡುತ್ತದೆ. ತೇವ ಇಳಿಯಲು ಹೊತ್ತೇ ಸಿಗುವುದಿಲ್ಲ. ಮೈ ತಣ್ಣಗೆ, ಆದರೆ ಅಂಟಂಟು. ಹಳೆಯ ಕಿಟಕಿ ಎಸಿಯಲ್ಲಿ ಆಗುತ್ತಿದ್ದದ್ದೇ ಅದು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ಮೊದಲ ಏರ್ ಕಂಡೀಷನಿಂಗ್ ವ್ಯವಸ್ಥೆ ಮಾಡಿದ್ದು ಜನರನ್ನು ತಂಪಾಗಿಡಲು ಅಲ್ಲ, ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗದಿರಲಿ ಅಂತ. ತೇವ ತೆಗೆಯುವುದು ಎಸಿಯ ಹುಟ್ಟು ಕೆಲಸ. ಅದನ್ನೇ ಮಾಡದ ಅಳತೆಯದು ಯಾಕೆ ಬೇಕು?

ಚಳಿಗಾಲದ ಲೆಕ್ಕ ಬೇರೆ. ಕ್ಯಾಟಲಾಗ್‌ನಲ್ಲಿ ಬಿಸಿ ಕೊಡುವ ಸಾಮರ್ಥ್ಯ ಅಂತ ದಪ್ಪಕ್ಷರದಲ್ಲಿ ಹಾಕುವ ಅಂಕಿ ಸಾಮಾನ್ಯವಾಗಿ ಹೊರಗೆ 7 ಡಿಗ್ರಿ ಇದ್ದಾಗ ಅಳೆದದ್ದು. ತಂಪಿನ ಅಂಕಿ ಹೊರಗೆ 35 ಇದ್ದಾಗಿನದು. ಹೊರಗೆ 7ಕ್ಕಿಂತ ಕೆಳಗಿಳಿದರೆ ಬಿಸಿ ಕೊಡುವ ಶಕ್ತಿ ಇಳಿಯುತ್ತದೆ, ಮತ್ತು ಬೇಕಾಗುವುದೇ ಆಗ. ಹೊರಗೆ 2 ಡಿಗ್ರಿ ಇದ್ದಾಗ ಎಷ್ಟು ಅಂತ ಕೇಳಿದೆ. ಅಂಗಡಿಯವರಿಗೆ ಗೊತ್ತಿರಲಿಲ್ಲ. ಕೈಪಿಡಿ ತರಿಸಿ, ಕೊನೆಯ ಪುಟಗಳ ಪಟ್ಟಿಯಲ್ಲಿ ಹುಡುಕಿದೆ. ಇತ್ತು. ನನ್ನ ಕೋಣೆಗೆ ಸಾಕಾಗುವಷ್ಟಿತ್ತು. 1 ಟನ್‌ನದನ್ನೇ ತೆಗೆದುಕೊಂಡೆ.

ಎರಡೂ ಕೋಣೆಗೆ ಒಂದೇ ಹೊರಗಿನ ಪೆಟ್ಟಿಗೆ, ಒಳಗೆ ಎರಡು ಅನ್ನುವ ಮಾದರಿಯೂ ಇತ್ತು. ಗೋಡೆ ಅಂದವಾಗಿ ಕಾಣುತ್ತದೆ, ನಿಜ. ಆದರೆ ಹೊರಗಿನದು ಕೆಟ್ಟರೆ ಇಡೀ ಮನೆ ಮಲಗುತ್ತದೆ. ಬಾಡಿಗೆ ಮನೆಗೆ ಅದು ಬೇಡ ಅನ್ನಿಸಿತು. ವೈಫೈ ಇರುವುದೂ ಬೇಡ ಅಂದೆ. ಬಾಡಿಗೆದಾರರು ಬದಲಾದಾಗಲೆಲ್ಲ ಯಾರ ಫೋನಿಗೆ ಯಾವ ಎಸಿ ಕಟ್ಟಿಹಾಕಿದೆ ಅಂತ ನಾನು ಬಿಡಿಸುತ್ತಾ ಕೂರಲೇ? ಹಾಲ್‌ಗೆ ಸದ್ಯಕ್ಕೆ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಸಾಕು ಅಂದುಕೊಂಡೆ. ಹಳೆಯದು 75 ವ್ಯಾಟ್ ತಿನ್ನುತ್ತಿತ್ತು, ಇದು ಜೋರಾಗಿ ತಿರುಗಿದರೂ 30ರ ಆಸುಪಾಸು. ಹಾಲ್ ಗೋಡೆಯಲ್ಲಿ ಮುಂದಿನ ಎಸಿಯ ಪೈಪಿಗೆ ಒಂದು ತೂತು ಕೊರೆಸಿ, ಬೇರೆ ವೈರ್ ಎಳೆಸಿ, ಮುಚ್ಚಳ ಹಾಕಿಸಿಟ್ಟೆ. ಮುಂದೆ ಬೇಕಾದರೆ ಬೇಕಾದೀತು.

ಇನ್ನು ಜೋಡಣೆಯ ಕಥೆ. ಎಸಿಯ ಅರ್ಧ ಆಯುಷ್ಯ ಆ ಒಂದು ದಿನದಲ್ಲಿ ತೀರ್ಮಾನ ಆಗುತ್ತದೆ ಅಂತ ನನಗೀಗ ಅನ್ನಿಸುತ್ತದೆ. ಬಂದ ಹುಡುಗರಿಬ್ಬರು ಚುರುಕು. ಪೈಪ್ ಜೋಡಿಸಿದರು. ಆಮೇಲೆ ಹೊರಗಿನ ಪೆಟ್ಟಿಗೆಯಿಂದ ಸ್ವಲ್ಪ ಗ್ಯಾಸ್ ಬಿಟ್ಟು ಪೈಪಿನೊಳಗಿನ ಗಾಳಿಯನ್ನು ಹೊರಗೆ ತಳ್ಳಲು ಹೊರಟರು. "ವ್ಯಾಕ್ಯೂಮ್ ಪಂಪ್ ಎಲ್ಲಪ್ಪಾ?" ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಎಲ್ಲ ಕಡೆ ಹೀಗೇ ಮಾಡೋದು ಮೇಡಂ, ಏನೂ ಆಗಲ್ಲ." ಆಗುತ್ತದೆ. ಪೈಪಿನೊಳಗಿನ ಗಾಳಿ, ತೇವವನ್ನು ಹೀರಿ ತೆಗೆಯುವುದೇ ಆ ಪಂಪ್. ತೇವ ಉಳಿದರೆ ಅದು ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನ ಎಣ್ಣೆಯ ಜೊತೆ ಸೇರಿ ಒಳಗೊಳಗೇ ಕೆಡಿಸುತ್ತದೆ. ಮೇಲಾಗಿ ಅಳೆದು ತುಂಬಿದ ಗ್ಯಾಸ್ ಅದು, ಸುಮ್ನೆ ಗಾಳಿಗೆ ಬಿಡುವಂಥದ್ದಲ್ಲ. ಇದರಲ್ಲಿರುವುದು ಆರ್-32. ಭೂಮಿ ಬಿಸಿ ಮಾಡುವ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿದರೆ 675 ಪಟ್ಟು. ಮುಂಚೆ ಬರುತ್ತಿದ್ದ ಆರ್-410ಎ ಸುಮಾರು 2088 ಪಟ್ಟು, ಅದಕ್ಕಿಂತ ಇದು ವಾಸಿ. ಆದರೂ 675 ಅಂದರೆ ಕಡಿಮೆಯೇನಲ್ಲ. ಆರ್-32ಗೆ ಅಲ್ಪಸ್ವಲ್ಪ ಬೆಂಕಿ ಹಿಡಿಯುವ ಗುಣವೂ ಇದೆ. ಅದಕ್ಕೇ ಆ ಕೆಲಸ ತಿಳಿದವರೇ ಮುಟ್ಟಬೇಕು.

ಪಂಪ್ ತರುವವರೆಗೆ ಕೆಲಸ ಮುಂದುವರಿಸಬೇಡಿ ಅಂದೆ. ಮೂರು ಗಂಟೆ ತಡವಾಯಿತು. ಟೀ ಮಾಡಿಕೊಟ್ಟೆ, ಮುನಿಸು ಇಳಿಯಿತು. ಪಂಪ್ ಅರ್ಧ ಗಂಟೆ ಓಡಿತು. ಮೀಟರ್‌ನ ಮುಳ್ಳು ನಿಂತಲ್ಲೇ ನಿಂತಿದೆಯೇ ಅಂತ ಹತ್ತು ನಿಮಿಷ ಕಾದು ನೋಡಿ ಗ್ಯಾಸ್ ಬಿಟ್ಟರು. ಎಸಿಗೆ ಬೇರೆಯೇ ವೈರು, ಬೇರೆ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್. ಹೊರಗಿನ ಪೆಟ್ಟಿಗೆಯ ಕಾಲಿಗೆ ರಬ್ಬರ್ ಬಿಲ್ಲೆ. ಅದಿಲ್ಲದಿದ್ದರೆ ಅದರ ಗುಂಯ್‌ಗುಡುವಿಕೆ ಗೋಡೆಯಲ್ಲಿ ಇಳಿದು ಕೆಳಗೆ ನನ್ನ ದಿಂಬಿನವರೆಗೂ ಬರುತ್ತಿತ್ತು.

ಬೇಸಿಗೆಯಲ್ಲಿ ಎಸಿ ನಿಜಕ್ಕೂ ಚೆನ್ನಾಗಿದೆ. ಅದಕ್ಕೆಂದೇ ಪುಟ್ಟ ಮೀಟರ್ ಹಾಕಿಸಿದ್ದೆ. 26ಕ್ಕೆ ಇಟ್ಟು, ಮೇಲೆ ಫ್ಯಾನ್ ನಿಧಾನಕ್ಕೆ ಬಿಟ್ಟರೆ ಎಂಟು ಗಂಟೆಗೆ ನಾಲ್ಕು ಯೂನಿಟ್‌ನೊಳಗೆ ಮುಗಿಯುತ್ತದೆ. ಹಳೆಯ ಕಿಟಕಿ ಎಸಿ ನಾನು ಮಲಗಿದ ರಾತ್ರಿಗಳಲ್ಲಿ ಎಂಟರಿಂದ ಒಂಬತ್ತು ತಿಂದಿತ್ತು. ಈ ಉಳಿತಾಯದ ಪೂರ್ತಿ ಹೆಗ್ಗಳಿಕೆ ಎಸಿಗೆ ಕೊಡಬೇಡಿ. ತಾರಸಿಯ ಬಣ್ಣ, ಬಾಗಿಲ ರಬ್ಬರ್ ಪಟ್ಟಿಗೂ ಅದರಲ್ಲಿ ಪಾಲಿದೆ. ಹಳೆಯದು ಪ್ರತಿ ಸಲ ಧಡ್ ಅಂತ ಶುರುವಾಗಿ ಧಡ್ ಅಂತ ನಿಲ್ಲುತ್ತಿತ್ತು. ಇದು ಕಂಪ್ರೆಸರ್‌ನ ವೇಗವನ್ನೇ ತಗ್ಗಿಸಿಕೊಂಡು ರಾತ್ರಿಯಿಡೀ ಮೆಲ್ಲಗೆ ಓಡುತ್ತದೆ. ಬಾಡಿಗೆದಾರರು ಮೊದಲ ವಾರ ನನಗೆ ಹೇಳಿದ್ದು ತಂಪಿನ ಬಗ್ಗೆ ಅಲ್ಲ, ಸದ್ದು ಇಲ್ಲದ್ದರ ಬಗ್ಗೆ.

ಚಳಿಗಾಲದಲ್ಲಿ ಮೊದಲು ಒಂದು ದೂರು ಬಂತು. ತಲೆ ಬೆಚ್ಚಗೆ, ಕಾಲು ತಣ್ಣಗೆ. ಒಳಗಿನ ಪೆಟ್ಟಿಗೆ ಸೂರಿನ ಹತ್ತಿರ ಇರುತ್ತದೆ, ಬಿಸಿ ಗಾಳಿ ಹಗುರ, ಮೇಲೇ ತೇಲುತ್ತದೆ. ಗಾಳಿ ತಿರುಗಿಸುವ ರೆಕ್ಕೆಯನ್ನು ನೆಲದ ಕಡೆಗೆ ಪೂರ್ತಿ ಬಗ್ಗಿಸಿ ಅಂದೆ, ಮುಕ್ಕಾಲು ಪಾಲು ಸರಿಹೋಯಿತು. ಎಣ್ಣೆ ಹೀಟರ್ ಪಕ್ಕ ಕೂತಾಗ ಸಿಗುವ ಆ ಬೆಂಕಿ ಕಾಯಿಸಿದಂಥ ಸುಖ ಮಾತ್ರ ಇದರಲ್ಲಿ ಇಲ್ಲ. ಕೋಣೆ ಬೆಚ್ಚಗಾಗುತ್ತದೆ, ಕೈ ಚಾಚಿ ಕಾಯಿಸಿಕೊಳ್ಳಲು ಏನೂ ಇರುವುದಿಲ್ಲ. ಏಳು ಗಂಟೆಗೆ ಹೀಟರ್ ಒಂಬತ್ತು ಯೂನಿಟ್ ತಿನ್ನುತ್ತಿದ್ದರೆ ಇದು ಮೂರು. ತೀರಾ ಚಳಿಯಿದ್ದ ಕೆಲವು ರಾತ್ರಿ ನಾಲ್ಕೂವರೆ.

ಅಂಥ ಒಂದು ಬೆಳಗಿನ ಜಾವ ಐದಕ್ಕೆ ಫೋನ್. "ಮೇಡಂ, ಹೊರಗಿನ ಯಂತ್ರದಿಂದ ಹೊಗೆ ಬರ್ತಿದೆ, ಒಳಗೆ ಗಾಳಿ ನಿಂತಿದೆ!" ಶಾಲು ಹೊದ್ದು ಓಡಿದೆ. ಹೊಗೆ ಅಲ್ಲ, ಆವಿ. ಚಳಿಯಲ್ಲಿ ಹೊರಗಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಕೆಲವು ನಿಮಿಷ ತಾನೇ ಹಿಂದುಮುಂದಾಗಿ ಓಡುತ್ತದೆ. ಆಗ ಒಳಗಿನ ಫ್ಯಾನ್ ನಿಲ್ಲುತ್ತದೆ, ಹೊರಗೆ ಆವಿ ಏಳುತ್ತದೆ. ಕೈಪಿಡಿಯಲ್ಲಿ ಒಂದು ಸಾಲು ಇದೆ. ಬೆಳಗಿನ ಜಾವ ಐದಕ್ಕೆ ಯಾರು ಓದುತ್ತಾರೆ? ಕರಗಿದ ನೀರು ಕೆಳಗೆ ನನ್ನ ಮೆಟ್ಟಿಲ ಮೇಲೇ ತೊಟ್ಟಿಕ್ಕುತ್ತಿತ್ತು. ಬೇಸಿಗೆಯ ನೀರಿಗೆ ಪೈಪ್ ಇಟ್ಟಿದ್ದರು. ಚಳಿಗಾಲದಲ್ಲಿ ಹೊರಗಿನ ಪೆಟ್ಟಿಗೆಯಿಂದಲೂ ನೀರು ಬರುತ್ತದೆ ಅಂತ ಆ ಹುಡುಗರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆಮೇಲೆ ಅದಕ್ಕೊಂದು ತಟ್ಟೆ, ಪೈಪ್ ಕೂಡಿಸಿದೆ.

ಇನ್ನು ನಾನು ಅಂಕ ಕಳೆಯುವುದು ಒಂದು ಕಡೆ. ಹದಿನಾಲ್ಕನೇ ತಿಂಗಳಲ್ಲಿ, ಸುಡು ಬೇಸಿಗೆಯಲ್ಲಿ, ಹೊರಗಿನ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡ್ ಸುಟ್ಟಿತು. ಜಾಹೀರಾತಿನಲ್ಲಿ ಹತ್ತು ವರ್ಷ ವಾರಂಟಿ ಅಂತ ಇತ್ತು. ಅದು ಕಂಪ್ರೆಸರ್‌ಗೆ. ಬೋರ್ಡ್‌ಗೆ ಒಂದೇ ವರ್ಷ. ಇನ್ವರ್ಟರ್ ಎಸಿಯ ಜೀವ ಇರುವುದೇ ಆ ಬೋರ್ಡಿನಲ್ಲಿ. ಕರೆಂಟ್ ಏರಿಳಿತಕ್ಕೆ ಮೊದಲು ಬಲಿಯಾಗುವುದೂ ಅದೇ. ಕಂಪನಿಯವರು ದಿನಾ "ನಾಳೆ" ಅಂತ ಹೇಳಿ ಒಂಬತ್ತನೇ ದಿನ ಬಂದರು. ಆ ಒಂಬತ್ತು ದಿನದ ಬಾಡಿಗೆ ನಾನು ತೆಗೆದುಕೊಳ್ಳಲಿಲ್ಲ. ನನ್ನ ಟೇಬಲ್ ಫ್ಯಾನ್ ಮೇಲೆ ಹೋಯಿತು, ನಾನು ಕೆಳಗೆ ಬೆವರಿದೆ. ಈಗ ಒಂದು ಸ್ಟೆಬಿಲೈಸರ್ ಇದೆ. ಮೊದಲೇ ಹಾಕಿಸಬೇಕಿತ್ತು. ಮತ್ತೆ ಕೊಳ್ಳುವುದಾದರೆ ವಾರಂಟಿ ಕಾರ್ಡಿನಲ್ಲಿ ಕಂಪ್ರೆಸರ್ ಸಾಲು ಬಿಟ್ಟು ಬೋರ್ಡಿನ ಸಾಲು ಮೊದಲು ಓದುತ್ತೇನೆ.

ರಿಪೇರಿಗೆ ಬಂದವನು ಹೋಗುವಾಗ, "ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸ್ತಾ ಇರಿ" ಅಂದ. ಬೇಡ ಕಣಪ್ಪಾ ಅಂದೆ. ಎಸಿಯ ಗ್ಯಾಸ್ ಸ್ಕೂಟರ್‌ನ ಪೆಟ್ರೋಲ್ ಹಾಗೆ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮೊದಲು ಸೋರಿಕೆ ಹುಡುಕಬೇಕು.

ಬಾಡಿಗೆದಾರರಿಗೂ ನನಗೂ ಒಂದು ಒಪ್ಪಂದ ಇದೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದು ಅವರ ಕೆಲಸ, ಐದು ನಿಮಿಷದ್ದು. ವರ್ಷಕ್ಕೊಮ್ಮೆ ಕಾಯಿಲ್ ತೊಳೆಸುವುದು ನನ್ನ ಖರ್ಚು. ಬೀರುವಿನ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿದ್ದೇನೆ. ಬೇಸಿಗೆಗೆ ರೆಕ್ಕೆ ಮೇಲೆ, ಚಳಿಗೆ ಕೆಳಗೆ, ಆವಿ ಬಂದರೆ ಹೆದರಬೇಡಿ. ದೀಪದ ಬಗ್ಗೆ ಇರುವ ಕೊನೆಯ ಸಾಲು ದಪ್ಪಕ್ಷರದಲ್ಲಿದೆ. ಎಸಿಯ ಹಣೆಯ ಮೇಲಿನ ದೀಪ ರಾತ್ರಿ ಕಣ್ಣಿಗೆ ಹೊಡೆಯುತ್ತದೆ ಅಂತ ಅವರು ಅದರ ಮೇಲೆ ಟೇಪ್ ಅಂಟಿಸಿದ್ದರು. ರಿಮೋಟಿನಲ್ಲೇ ಅದನ್ನು ಆರಿಸಬಹುದು ಅಂತ ನನಗೂ ಗೊತ್ತಾಗಿದ್ದು ಆರು ತಿಂಗಳ ನಂತರ.

ಒಟ್ಟಿನಲ್ಲಿ ಎಸಿಗೆ ಹತ್ತಕ್ಕೆ ಎಂಟು. ಜೋಡಿಸಿದ ಹುಡುಗರಿಗೆ ಪಂಪ್ ತಂದ ಮೇಲೆ ಏಳು. ಕಂಪನಿಯ ರಿಪೇರಿ ಸೇವೆಗೆ ಮೂರು. ಅದೂ ಕೊನೆಗೂ ಬಂದರಲ್ಲ ಅಂತ.

ಈಗಿರುವವರಿಗೆ ಹಾಲ್‌ನಲ್ಲೂ ಒಂದು ಎಸಿ ಬೇಕಂತೆ. ಮಗಳು ಮಧ್ಯಾಹ್ನ ಅಲ್ಲೇ ಕೂತು ಓದುತ್ತಾಳೆ. ಜನ ಇರುವ ಮನೆಯಲ್ಲಿ ನಾನು ಹೋಗಿ ಮಲಗಿ ನೋಡಲು ಆಗುವುದಿಲ್ಲವಲ್ಲ. ಅದಕ್ಕೆ ಥರ್ಮಾಮೀಟರನ್ನೂ ನೋಟ್‌ಬುಕ್ಕನ್ನೂ ಆ ಹುಡುಗಿಗೇ ಕೊಟ್ಟಿದ್ದೇನೆ. ದಿನಾ ನಾಲ್ಕು ಗಂಟೆಗೆ ಅಂಕಿ ಬರೆಯಬೇಕು, ಫ್ಯಾನ್ ಓಡುತ್ತಿದ್ದರೆ ಅದನ್ನೂ ಬರೆಯಬೇಕು, ಥರ್ಮಾಮೀಟರ್ ಮೇಲೆ ಬಿಸಿ ಉಸಿರು ಬಿಡುವಂತಿಲ್ಲ. ಹತ್ತು ದಿನ 34 ದಾಟಿದರೆ ಗೋಡೆಯ ಆ ಮುಚ್ಚಳ ತೆಗೆಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ನಿನ್ನೆಗೆ ಏಳು ದಿನ ಆಗಿದೆ. ಎಂಟನೇ ಸಾಲಿನಲ್ಲಿ ಪೆನ್ಸಿಲಿನಲ್ಲಿ 33.5 ಅಂತ ಬರೆದು, ಪಕ್ಕದಲ್ಲಿ ಸಣ್ಣಗೆ "ಇವತ್ತು ಮೋಡ ಇತ್ತು" ಅಂತ ಸೇರಿಸಿದ್ದಾಳೆ.